ಎಣ್ಣೆ ಕುಡಿದ ಕಲ್ಲು

ನಮ್ಮ ಮನೆಯ ಎದುರು, ರಸ್ತೆಯ ಆಚೆ ಬದಿಗೆ ಒಂದು ಕಲ್ಲಿತ್ತು. ಆಳೆತ್ತರಕ್ಕಿಂತ ತುಸು ಹೆಚ್ಚು, ಕೆನೆಯ ಬಣ್ಣ, ನೆತ್ತಿಯ ಮೇಲೊಂದು ಶಿಲುಬೆ, ಸುತ್ತ ಮೊಣಕಾಲೆತ್ತರದ ಕಬ್ಬಿಣದ ಬೇಲಿ. ನಗರದಂಚಿನ ಹಾರ್ನ್‌ಬಿಯ ಗೋದಾಮುಗಳನ್ನು ದಾಟಿ ಅರ್ಧ ಗಂಟೆ ಕಾರು ಓಡಿಸಿದರೆ ಸಿಗುವ ಊರು ಅದು. ಊರೆಂದರೆ ಒಂದು ಶಾಲೆ, ಒಂದು ಚರ್ಚು, ಹಾಲಿನಿಂದ ಹಿಡಿದು ಮೀನಿನ ಗಾಳದವರೆಗೆ ಎಲ್ಲವನ್ನೂ ಮಾರುವ, ಇಲ್ಲಿಯವರು ಡೇರಿ ಎನ್ನುವ ಒಂದು ಅಂಗಡಿ, ಮತ್ತು ಈ ಕಲ್ಲು. ಇಂಡಿಯಾದಿಂದ ಈ ದೇಶಕ್ಕೆ ಓದಲು ಬಂದು ಇಲ್ಲೇ ನಿಂತವಳು ನಾನು. ಬೆಳಿಗ್ಗೆ ಎದ್ದು ಹಾರ್ನ್‌ಬಿಗೆ ಓಡು, ಯಾವ ಟ್ರಕ್ಕು ಯಾವ ಊರಿಗೆ ಎಂದು ಹಂಚು, ಡ್ರೈವರುಗಳ ಜೊತೆ ಜಗಳಾಡು, ಸಂಜೆ ಬಂದು ಬಿದ್ದುಕೋ. ಹೀಗಿದ್ದವಳು ಮೊದಲ ಆರು ತಿಂಗಳು ಆ ಕಲ್ಲನ್ನು ಕಣ್ಣೆತ್ತಿ ನೋಡಿರಲಿಲ್ಲ.

ನೋಡುವಂತೆ ಮಾಡಿದ್ದು ಪಕ್ಕದ ಮನೆಯ ಮುದುಕಿ. ಎಂಬತ್ತು ದಾಟಿತ್ತು ಅವರಿಗೆ. ಪ್ರತಿ ಶನಿವಾರ ಬೆಳಿಗ್ಗೆ ಒಂದು ಬಕೆಟ್ ತಣ್ಣೀರು, ಒಂದು ಮೆತ್ತನೆಯ ಬ್ರಷ್ಷು ಹಿಡಿದು ಬೇಲಿಯ ಗೇಟು ತೆರೆದು ಒಳಗೆ ಹೋಗುತ್ತಿದ್ದರು. ಒಂದು ದಿನ ತಡೆಯಲಾರದೆ ಬಕೆಟ್ಟಿಗೆ ಕೈಹಾಕಿ, "ಕೊಡಿ ಆಂಟಿ, ನಾನು ತರ್ತೀನಿ" ಎಂದೆ. ಆಂಟಿ ಎಂದದ್ದಕ್ಕೆ ಅವರು ಜೋರಾಗಿ ನಕ್ಕರು. "ನನ್ನ ತಂಗಿಯ ಮಕ್ಕಳೇ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ನೀನು ಆಂಟಿ ಅಂತಲೇ ಕರಿ, ಚೆನ್ನಾಗಿದೆ" ಎಂದರು.

ಅವತ್ತೇ ನಾನು ಕಲ್ಲಿನ ಮೇಲಿನ ಹೆಸರುಗಳನ್ನು ಓದಿದ್ದು. ಮೊದಲ ಮಹಾಯುದ್ಧಕ್ಕೆ ಹೋಗಿ ಸತ್ತವರು. ಮೂವತ್ತಕ್ಕೂ ಹೆಚ್ಚು. ಇವತ್ತು ಊರಿನ ಮನೆಗಳನ್ನು ಎಣಿಸಿದರೂ ಅಷ್ಟಾಗುವುದಿಲ್ಲವೇನೋ. ಒಂದೇ ಮನೆತನದ ಹೆಸರು ಮೂರು ಸಲ ಇತ್ತು. "ಇವರಲ್ಲಿ ದೊಡ್ಡ ಅಧಿಕಾರಿ ಯಾರು?" ಎಂದು ಕೇಳಿದೆ. "ಕಲ್ಲು ಹೇಳುವುದಿಲ್ಲ. ಅಕ್ಷರಮಾಲೆಯ ಸಾಲಿನಲ್ಲಿ ಬರೆದಿದ್ದಾರೆ. ಕ್ಯಾಪ್ಟನ್ನೂ ಇದ್ದಾನೆ, ಕುರಿಯ ಉಣ್ಣೆ ಕತ್ತರಿಸುವವನೂ ಇದ್ದಾನೆ" ಎಂದರು. ನಮ್ಮ ಕಡೆ ಒಂದು ಬಸ್ ನಿಲ್ದಾಣ ಕಟ್ಟಿಸಿದರೂ ಶಂಕುಸ್ಥಾಪಕರು, ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ ಎಂದು ಕಲ್ಲು ತುಂಬಿ ಬಸ್ಸಿನ ವೇಳೆ ಬರೆಯಲು ಜಾಗ ಉಳಿಯುವುದಿಲ್ಲ. ಇಲ್ಲಿ ಕಲ್ಲು ನಿಲ್ಲಿಸಿದವರ ಹೆಸರೇ ಇರಲಿಲ್ಲ, ಸತ್ತವರದು ಮಾತ್ರ ಇತ್ತು. ಆಮೇಲೆ ಎಲ್ಲಿ ಹೋದರೂ ಕಾರು ನಿಲ್ಲಿಸಿ ಊರ ಕಲ್ಲು ಓದುವುದು ನನಗೆ ಚಟವಾಯಿತು.

ನಮ್ಮ ಊರ ಕಲ್ಲಿನ ಕೆಳಗಿನ ಸಾಲುಗಳಲ್ಲಿ ಆಂಟಿಯ ತಾಯಿಯ ತಮ್ಮನ ಹೆಸರಿತ್ತು. ಆತನ ದೇಹ ಊರಿಗೆ ಬರಲಿಲ್ಲ. ಆ ಹೆಸರುಗಳಲ್ಲಿ ಯಾರ ದೇಹವೂ ಬರಲಿಲ್ಲ, ಎಲ್ಲರೂ ಕಡಲಾಚೆಯ ಮಣ್ಣಿನಲ್ಲೇ ಉಳಿದರು. ಅವರ ಮನೆಯವರಿಗೆ ಸಮಾಧಿ ಎಂದರೂ ಇದೇ ಕಲ್ಲು.

ಯುದ್ಧಕ್ಕೆ ನೂರು ವರ್ಷ ತುಂಬುತ್ತಿದ್ದ ಕಾಲ ಅದು. ಏಪ್ರಿಲ್ ಕೊನೆಯ ಆನ್ಜಾಕ್ ದಿನಕ್ಕೆ, ಅಂದರೆ ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನಕ್ಕೆ, ಸುತ್ತಲಿನವರೆಲ್ಲ ಬರುವವರಿದ್ದರು. ಅಷ್ಟರಲ್ಲಿ ಆಂಟಿಗೆ ಸೊಂಟದ ಆಪರೇಷನ್ ಆಯಿತು. ಬ್ರಷ್ಷನ್ನು ನನ್ನ ಕೈಗಿಟ್ಟು, "ನೀರು, ಬ್ರಷ್ಷು, ಅಷ್ಟೇ. ಸೋಪು ಕೂಡ ಬೇಡ. ಇದು ಮೆತ್ತನೆಯ ಸುಣ್ಣಕಲ್ಲು, ಏನು ಕೊಟ್ಟರೂ ಕುಡಿದುಬಿಡುತ್ತದೆ" ಎಂದರು. ನಾನು ಹಿಗ್ಗಿಹೋದೆ. ಮೂರು ವರ್ಷದಿಂದ ಆ ಊರಿಗೆ ನಾನು ನೀಲಿ ಮನೆಯ ಇಂಡಿಯನ್ ಹುಡುಗಿಯಷ್ಟೇ ಆಗಿದ್ದೆ. ಈಗ ಊರವರು ತಮ್ಮ ಮಕ್ಕಳ ಹೆಸರನ್ನು ನನ್ನ ಕೈಗೆ ಒಪ್ಪಿಸಿದ್ದರು. ಈ ನಂಬಿಕೆ ಉಳಿಸಿಕೊಳ್ಳಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಅದೇ ಹೊತ್ತಿಗೆ ಅವ್ವ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದಳು. ಗದಗ ಸೀಮೆಯವಳು. ಕಲ್ಲು ತೋರಿಸಲು ಕರೆದುಕೊಂಡು ಹೋದೆ. ಬೇಲಿಯ ಹೊರಗೇ ಚಪ್ಪಲಿ ಬಿಟ್ಟಳು.

"ಯಾರ ಮನಿ ಹುಡುಗ್ರವಾ ಇವ್ರು?"

"ಇದ ಊರವ್ರು. ಯುದ್ಧಕ್ಕ ಹೋಗಿ ಸತ್ತವ್ರು. ಹೆಣಾನೂ ಬರಲಿಲ್ಲಂತ. ಇಲ್ಲಿ ಕೆಳಗ ಐತಲ್ಲ ಹೆಸರು, ಇಂವಾ ಆಂಟಿಯ ಸ್ವಾದರಮಾವ."

"ಹಂಗಾರ ವೀರಗಲ್ಲು ಅನ್ನು."

"ಹೂಂ, ವೀರಗಲ್ಲು" ಎಂದುಬಿಟ್ಟೆ. ತಪ್ಪು ಶುರುವಾದದ್ದೇ ಅಲ್ಲಿ. ಅವ್ವನ ತವರೂರಿನ ಅಗಸಿಯಲ್ಲಿ, ಊರ ಹೆಬ್ಬಾಗಿಲಲ್ಲಿ, ಸಾಲಾಗಿ ವೀರಗಲ್ಲುಗಳಿವೆ. ಊರಿನ ದನ ಕಾಯಲು ಹೋಗಿ ಸತ್ತವರು, ಕತ್ತಿ ಹಿಡಿದು ನಿಂತವರು. ಅಮಾವಾಸ್ಯೆಗೊಮ್ಮೆ ಆ ಕಲ್ಲುಗಳಿಗೆ ನೀರು ಹಾಕಿ ಮೈತುಂಬ ಎಣ್ಣೆ ಹಚ್ಚುತ್ತಾರೆ. ತಲೆತಲಾಂತರದಿಂದ ಎಣ್ಣೆ ತಿಂದು ಆ ಕರಿಕಲ್ಲುಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಚಿಕ್ಕವಳಿದ್ದಾಗ ನಾನೂ ಹಚ್ಚಿದ್ದೇನೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಹೂಂಗುಟ್ಟಿದ್ದೆ.

ಅವ್ವ ಬರುವಾಗ ಊರಿನ ಕ್ಯಾಲೆಂಡರನ್ನು ಹೊತ್ತುಕೊಂಡು ಬಂದಿದ್ದಳು. ಆನ್ಜಾಕ್ ದಿನಕ್ಕೆ ಇನ್ನು ಎರಡು ವಾರ ಉಳಿದಿರುವಾಗ ಅಮಾವಾಸ್ಯೆ ಬಂತು. ನಾನು ಕೆಲಸ ಮುಗಿಸಿ ಬಂದು ಕಾರು ನಿಲ್ಲಿಸುತ್ತೇನೆ, ಕಲ್ಲಿನ ಬಣ್ಣವೇ ಬೇರೆ! ಬುಡದಿಂದ ಅವ್ವನ ಕೈ ಎಟುಕುವಷ್ಟು ಎತ್ತರಕ್ಕೆ ಕಂದು ಕಲೆ, ಅದರ ಕೆಳಗೆ ಇಳಿದ ಗೆರೆಗಳು. ಮಂಡಿನೋವಿಗೆಂದು ತಂದಿಟ್ಟಿದ್ದ ಕೊಬ್ಬರಿ ಎಣ್ಣೆ. ಇಲ್ಲಿಯ ಏಪ್ರಿಲ್ ಚಳಿಗೆ ಗಟ್ಟಿಯಾಗಿತ್ತೆಂದು ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಪೂರ್ತಿ ಸುರಿದಿದ್ದಳು. ಕಲ್ಲಿನ ಬುಡದ ಮೆಟ್ಟಿಲ ಮೇಲೆ ಕೂತು, "ಎಷ್ಟ ಹಚ್ಚಿದ್ರೂ ಕುಡಿಯಾಕತ್ತೈತವಾ. ಪಾಪ, ಭಾಳ ದಿನದಿಂದ ಯಾರೂ ಹಚ್ಚಿಲ್ಲ ಕಾಣ್ತದ" ಎಂದಳು.

ನನ್ನ ಸಿಟ್ಟು ನೆತ್ತಿಗೇರಿತು. "ನಿನಗ ಯಾರ ಹೇಳಿದ್ರು ಇದನ್ನ ಮಾಡಂತ? ಇದೇನು ನಿಮ್ಮೂರ ಅಗಸಿ ಅಂತ ತಿಳದಿ? ಊರಾಗ ನನ್ನ ಮರ್ಯಾದಿ ತಗದಿ!" ಎಂದು ರಸ್ತೆಯಲ್ಲೇ ಕೂಗಾಡಿದೆ. ಅವ್ವ ತಬ್ಬಿಬ್ಬಾದಳು. "ಕುಂಕುಮ ಹಚ್ಚಿಲ್ಲವಾ, ಅವ್ರ ದೇವ್ರು ಬ್ಯಾರೆ ಅಂತ. ಎಣ್ಣಿಗೆ ಎಲ್ಲೀ ಜಾತಿ? ಆಂಟಿಯ ಮಾವ ಅಂದಿದ್ಯಲ್ಲ, ಆತಗ ಒಂದೀಟು ಹೆಚ್ಚಿಗಿ ಹಚ್ಚೇನಿ" ಎಂದಳು. ನಾನು ಮನೆಯೊಳಗೆ ಹೋಗಿ ಪಾತ್ರೆ ತೊಳೆಯುವ ಸೋಪು ತಂದು ತಿಕ್ಕಿದೆ. ಬೇಡವೆಂದದ್ದನ್ನೇ ಮಾಡಿದೆ. ಕಲೆ ಇನ್ನಷ್ಟು ಹರಡಿತು.

ಮಾರನೆಯ ದಿನ ನನ್ನ ತಲೆಗೆ ಬಂದ ಉಪಾಯಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಮಳೆಯ ತೇವ ಎನ್ನೋಣ, ಹೂಮಾಲೆಗಳನ್ನು ಎತ್ತರಕ್ಕೆ ಒರಗಿಸಿ ಮುಚ್ಚೋಣ, ಯಾರೋ ಪೋಕರಿಗಳು ಮಾಡಿದ್ದು ಎನ್ನೋಣ. ಕೊನೆಗೆ ಆಂಟಿಯ ಬಾಗಿಲು ತಟ್ಟಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಸೋಪಿನ ಸಂಗತಿಯನ್ನೂ ಸೇರಿಸಿ. ಅವರು ವಾಕರ್ ಹಿಡಿದು ಹೆಜ್ಜೆ ಹೆಜ್ಜೆಗೆ ನಿಲ್ಲುತ್ತ ರಸ್ತೆ ದಾಟಿ ಬಂದರು. ಕಲ್ಲನ್ನು ನೋಡಿ ಮುಖ ಬಿಳಿಚಿತು. ಈಗ ಬ್ರಷ್ಷು ವಾಪಸು ಕೇಳುತ್ತಾರೆ ಎಂದು ಕಾದೆ. ಅವರು ನಮ್ಮ ಹಿಂದೆಯೇ ಬಂದು ನಿಂತಿದ್ದ ಅವ್ವನ ಕಡೆ ತಿರುಗಿ, "ಯಾಕೆ ಹಚ್ಚಿದರು ಅಂತ ಕೇಳು" ಎಂದರು.

ಅವ್ವ ನೆಲ ನೋಡುತ್ತ ಹೇಳಿದಳು: "ಸತ್ತ ಮಗನಿಗೆ ಮಣ್ಣ ಮಾಡೂಕಿಂತ ಮೊದಲ ಎಣ್ಣಿ ಹಚ್ಚಿ ನೀರ ಹಾಕ್ತೀವಿ. ಇವ್ರ ತಾಯಂದ್ರಿಗೆ ಅದೂ ಸಿಕ್ಕಿಲ್ಲಲ್ಲವಾ. ಹೆಣಾನ ಬರಲಿಲ್ಲಂತ ನೀನ ಹೇಳಿದಿ."

ಅದನ್ನು ಆಂಟಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನ ಸಂಜೆ ನಾನು ಈ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಆಂಟಿ, "ಕಲ್ಲುಕುಟಿಗನಿಗೆ ಫೋನ್ ಮಾಡುತ್ತೇನೆ" ಎಂದಷ್ಟೇ ಹೇಳಿ ಮನೆಗೆ ಹೊರಟರು. ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ.

ಕೆಲವು ವರ್ಷಗಳ ಹಿಂದಿನ ಭೂಕಂಪದಲ್ಲಿ ಬಿದ್ದ ಶಿಲುಬೆಯನ್ನು ಮತ್ತೆ ಕೂರಿಸಿದ್ದ ಕಲ್ಲುಕುಟಿಗನೇ ಯೂಟ್ ಏರಿ ಬಂದ. ಹಿಂದೆ ಸಾಮಾನು ತುಂಬುವ ಆ ಗಾಡಿಯಿಂದ ಬಿಳಿ ಮಣ್ಣಿನ ಚೀಲ ಇಳಿಸಿ, ಯಾವುದೋ ದ್ರಾವಣದಲ್ಲಿ ಕಲಸಿ, ಕಲೆಯ ಮೇಲೆ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ಕಿನಿಂದ ಮುಚ್ಚಿದ. ಮಣ್ಣು ಒಣಗುತ್ತ ಒಣಗುತ್ತ ಎಣ್ಣೆಯನ್ನು ಎಳೆದುಕೊಳ್ಳುತ್ತದಂತೆ. ಅವ್ವನಿಗೆ ಹೇಳಿದರೆ, "ಎಣ್ಣಿ ಸ್ನಾನಕ್ಕ ಕಡ್ಲಿಹಿಟ್ಟು ಹಚ್ಚೂದಿಲ್ಲೇನು? ಅದ ಇದು" ಎಂದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. ಎರಡನೆಯ ಸಲ ಬಂದಾಗ ಗವಸು ಕೊಟ್ಟು ಕರಣೆಯನ್ನು ಅವಳ ಕೈಗೇ ಇಟ್ಟ. ಒಲೆ, ಗೋಡೆ ಸಾರಿಸಿ ಪಳಗಿದ ಕೈ ಅದು. ಎಲ್ಲೂ ಉಬ್ಬುತಗ್ಗಿಲ್ಲದೆ ಮೆತ್ತಿದಳು. "ಈಕೆಗೆ ಕೆಲಸ ಬೇಕಿದ್ದರೆ ಹೇಳು" ಎಂದ.

ಆನ್ಜಾಕ್ ದಿನಕ್ಕೆ ಎರಡು ದಿನ ಮುಂಚೆ ಪ್ಲಾಸ್ಟಿಕ್ಕು ತೆಗೆದಾಗ ಕಲ್ಲು ಮತ್ತೆ ಕೆನೆಯ ಬಣ್ಣಕ್ಕೆ ಬಂದಿತ್ತು, ಅಂಗೈಯಗಲದ ಒಂದು ಜಾಗ ಬಿಟ್ಟು. ಅವ್ವ ಹೆಚ್ಚಿಗೆ ಹಚ್ಚಿದ್ದ ಜಾಗ. ಆಂಟಿಯ ಸೋದರಮಾವನ ಹೆಸರು. "ಇನ್ನೊಂದು ಸಲ ಮೆತ್ತಿದರೆ ಇದೂ ಹೋಗುತ್ತದೆ" ಎಂದು ಕಲ್ಲುಕುಟಿಗ ಮಣ್ಣು ಕಲಸಲು ಕೂತ.

"ಬೇಡ" ಎಂದರು ಆಂಟಿ.

ನಾವೆಲ್ಲ ಅವರ ಮುಖ ನೋಡಿದೆವು. ವಾಕರಿನ ಮೇಲೆ ಭಾರ ಬಿಟ್ಟು ನಿಧಾನವಾಗಿ ಹೇಳಿದರು. ಅವರ ಅಜ್ಜಿ, ಅಂದರೆ ಆ ಹೆಸರಿನವನ ತಾಯಿ, ಭಾನುವಾರ ಚರ್ಚು ಮುಗಿಸಿ ಬಂದು, ಕೈಗವಸು ಕಳಚಿ, ಮಗನ ಹೆಸರಿನ ಮೇಲೆ ಕೈಯಾಡಿಸುತ್ತಿದ್ದರಂತೆ. ಹಾಲು ಕರೆದು ಬೆಣ್ಣೆ ಕಡೆಯುವ ಕೈ. ವರ್ಷಗಟ್ಟಲೆ ಹಾಗೆ ಸವರಿ ಸವರಿ ಕಲ್ಲು ಅಲ್ಲಿ ಕಪ್ಪಾಗಿತ್ತಂತೆ, ಇಷ್ಟೇ ಅಗಲಕ್ಕೆ, ಇದೇ ಬಣ್ಣಕ್ಕೆ. ಅಜ್ಜಿ ಹೋದ ಮೇಲೆ ಊರವರು ಕೊಳೆ ಎಂದು ತೆಗೆಸಿದರು. "ನಾನೂ ಆಗ ಚೊಕ್ಕವಾಯಿತು ಅಂದುಕೊಂಡೆ. ಆಮೇಲೆ ಎಷ್ಟು ಸಲ ಹುಡುಕಿದೆನೋ, ಅಜ್ಜಿಯ ಕೈ ಎಲ್ಲೂ ಸಿಗಲಿಲ್ಲ. ಇದು ಹೀಗೇ ಇರಲಿ" ಎಂದರು.

ಆನ್ಜಾಕ್ ದಿನ ಬೆಳಿಗ್ಗೆ ಹತ್ತು ಗಂಟೆಗೆ ಊರು ಸೇರಿತು. ರೈತರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಎದೆಯ ಬಲಗಡೆಗೆ ಅಜ್ಜಂದಿರ ಪದಕ ಚುಚ್ಚಿಕೊಂಡು ಬಂದಿದ್ದರು. ಉದ್ದುದ್ದ ಭಾಷಣವಿಲ್ಲ, ಹಾರ ತುರಾಯಿಯಿಲ್ಲ. ಒಬ್ಬರು ಎಲ್ಲ ಹೆಸರುಗಳನ್ನೂ ಓದಿದರು, ಒಂದು ತುತ್ತೂರಿ ಊದಿತು, ಎಲ್ಲರೂ ತಲೆ ತಗ್ಗಿಸಿ ನಿಂತರು. ಅಷ್ಟೇ. ಇಂಥ ಊರು ನನಗೂ ಒಂದು ಇದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು. ಅವ್ವ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದಳು, ಬೂಟು ಹಾಕಿಕೊಳ್ಳೆಂದು ನಾನು ಗದರಲಿಲ್ಲ. ಹೊರಡುವಾಗ ಬ್ರಷ್ಷನ್ನು ಆಂಟಿಯ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ಶನಿವಾರ ಬರುತ್ತೀಯಲ್ಲ?" ಎಂದರು.

ಅವ್ವ ಊರಿಗೆ ಹೋಗಿ ಒಂದು ವಾರಕ್ಕೆ ಫೋನ್ ಮಾಡಿದಳು. ಎದುರಿಗಿದ್ದಾಗ ಬಾಯಿಗೆ ಬಾರದ ಮಾತನ್ನು ಆಗ ಆಡಿದೆ. "ಅವತ್ತ ರಸ್ತೆದಾಗ ನಿನ್ನ ಮ್ಯಾಲೆ ಹಂಗ ಒದರಬಾರದಿತ್ತು. ತಪ್ಪಾತವ್ವಾ."

"ಅದಿರ್ಲಿ ಬಿಡು" ಎಂದಳು. "ಇವತ್ತ ಶನಿವಾರ ಐತಲ್ಲ, ಹುಡುಗ್ರಿಗೆ ನೀರ ಹಾಕಿದೇನು?"