ತೂತಿನ ಫಾರಿನ್ ದೋಣಿ

ನನ್ನ ಅಣ್ಣನಿಗೆ ಬಲಗಾಲು ಮಡಚಲು ಬರುತ್ತಿರಲಿಲ್ಲ. ಸಣ್ಣವನಿದ್ದಾಗ ಬಂದ ಜ್ವರ ಆ ಕಾಲನ್ನು ನೇಗಿಲ ಈಸಿನ ಮರದಂತೆ ನೆಟ್ಟಗೆ ಮಾಡಿ ಹೋಗಿತ್ತು. ನೆಲದ ಮೇಲೆ ಕೋಲು ಹಿಡಿದು ಎಲ್ಲಿ ಬೇಕಾದರೂ ಹೋಗುತ್ತಿದ್ದ. ಅವನಿಗೆ ದಕ್ಕದೆ ಉಳಿದದ್ದು ಒಂದೇ ಜಾಗ, ಬಬಲೇಶ್ವರದ ನಮ್ಮ ಕೆರೆಯ ನಡುಮಧ್ಯ.

ಕೆರೆಯಲ್ಲಿ ಮೀನು ಹಿಡಿಯುವವರು ದುಂಡನೆಯ ಹರಿಗೋಲಿನಲ್ಲಿ ಹೋಗುತ್ತಿದ್ದರು. ಅದರೊಳಗೆ ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಕೂಡಬೇಕು. ಅಣ್ಣ ಕಾಲು ಚಾಚಿ ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ, ಒಬ್ಬನೇ ಕೂತರೆ ಹರಿಗೋಲು ಒಂದು ಮಗ್ಗುಲಿಗೆ ವಾಲುತ್ತಿತ್ತು. ಹಾಗಾಗಿ ಅವನು ಏರಿಯ ಮೇಲೆ ಕೂತು ಗಾಳ ಹಾಕುತ್ತಿದ್ದ. ದಂಡೆಯ ಕಿರುಮೀನು ಸಿಗುತ್ತಿದ್ದವು. ದೊಡ್ಡ ಬಾಳೆಮೀನುಗಳೆಲ್ಲ ನಡುವಿನ ಆಳದಲ್ಲಿರುತ್ತಿದ್ದವು. ನೀರಿಗೆ ಇಳಿಯುವವರು ತಮ್ಮ ಅಂಗಿ, ಚಪ್ಪಲಿ ಅವನ ಪಕ್ಕ ಬಿಟ್ಟು, "ಅರಿವಿ ಕಾಯಾಂವ ಅದಾನಲ್ಲ, ಚಿಂತಿಲ್ಲ" ಎಂದು ನಕ್ಕು ಹೋಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ, "ಒಮ್ಮೆ, ಒಂದ ಸಲ, ನಡುವ ಹೋಗಿ ನಾನ ಗಾಳ ಒಗೀಬೇಕಲೇ ತಮ್ಮಾ" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನದನ್ನು ಅವನು ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ಎಪ್ಪತ್ತರ ದಶಕ ಅದು. ಈಗಿನ ವಿಜಯಪುರವನ್ನು ಆಗ ಬಿಜಾಪುರ ಅನ್ನುತ್ತಿದ್ದೆವು. ಅಲ್ಲಿಯ ಅಥಣಿ ರಸ್ತೆಯ ಒಂದು ಪಂಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಟ್ಯೂಬಿಗೆ ಗಾಳಿ ತುಂಬಿ, ನೀರಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ, ಅಲ್ಲಿ ತೇಪೆ ಹಚ್ಚುವುದು ನನ್ನ ವಿದ್ಯೆ. ತೂತು ಕಂಡರೆ ಮುಚ್ಚಬೇಕು. ಇದರಾಚೆಗೆ ಜಗತ್ತಿನಲ್ಲಿ ತಿಳಿಯಬೇಕಾದದ್ದು ಬಹಳವೇನಿಲ್ಲ ಎಂದು ಆ ವಯಸ್ಸಿನಲ್ಲಿ ನನಗೆ ಅನ್ನಿಸಿತ್ತು.

ಅಣ್ಣ ಮನೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅದಕ್ಕೆ ಬೇಕಾದ ಹಳೆಯ ಗೋಣಿಚೀಲ ತರಲು ಬಿಜಾಪುರದ ಇಬ್ರಾಹಿಂಪುರಕ್ಕೆ, ರೈಲು ಹಳಿಯ ಹತ್ತಿರ ಹಳೆಯ ಗುಜರಿ ಸಾಮಾನು ಮಾರುವ ಒಬ್ಬ ಮೋಡಕಾ ವ್ಯಾಪಾರಿಯ ಬಳಿ ಹೋಗುತ್ತಿದ್ದ. ಒಂದು ದಿನ ಅಲ್ಲಿಂದ ನೇರವಾಗಿ ನನ್ನ ಅಂಗಡಿಗೆ ಬಂದ. ಬಿಸಿಲಲ್ಲಿ ಕೋಲೂರಿಕೊಂಡು ಬಂದು ಬೆವತು ಹೋಗಿದ್ದ.

"ಏಳಲೇ. ಒಂದ ಚೀಜ ತೋರಸ್ತೀನಿ."

"ಯಣ್ಣಾ, ಕೈಯಾಗ ಟ್ಯೂಬ್ ಐತಿ."

"ಟ್ಯೂಬ್ ಎಲ್ಲಿ ಓಡಿ ಹೋಗತೈತಿ? ಗಾಳಿನ ಇಲ್ಲ ಅದರಾಗ. ಬಾ."

ಮೋಡಕಾ ವ್ಯಾಪಾರಿಯ ಹಿತ್ತಲಲ್ಲಿ, ತುಕ್ಕು ಹಿಡಿದ ಡಬ್ಬಿಗಳ ನಡುವೆ, ಹಳದಿ ಬಣ್ಣದ ಎರಡು ಉದ್ದನೆಯ ವಸ್ತು ಬಿದ್ದಿದ್ದವು. ಮುಂಬಯಿಯಲ್ಲಿ ಹಡಗಿನಿಂದ ಇಳಿದ ಸಾಮಾನಂತೆ. ಯಾರೋ ಬಿಳಿಯರು ತರಿಸಿ, ಬಿಟ್ಟು ಹೋಗಿ, ಕೈಯಿಂದ ಕೈಗೆ ಬಂದು ಇಲ್ಲಿ ಮುಟ್ಟಿದ್ದವು. ನೋಡಲು ದೋಣಿಯಂತಿದ್ದರೂ ಒಳಗೆ ಇಳಿದು ಕೂಡುವ ದೋಣಿಯಲ್ಲ. ಮೈಯೆಲ್ಲ ಮುಚ್ಚಿತ್ತು, ಬೆನ್ನ ಮೇಲೆ ಕುಂಡಿ ಊರಲು ಒಂದು ತಗ್ಗು, ಅದರ ಮುಂದೆ ಕಾಲು ಚಾಚಲು ಎರಡು ಉದ್ದನೆಯ ತೋಡು, ಪಕ್ಕದಲ್ಲಿ ಗಾಳದ ಕೋಲು ಸಿಗಿಸುವ ಕೊಳವೆ. ಜೊತೆಗೆ ಎರಡೂ ತುದಿಗೆ ಹಲಗೆಯಿದ್ದ ಉದ್ದನೆಯ ಹುಟ್ಟು. ಇಂಥದಕ್ಕೆ ಕಯಾಕ್ ಅನ್ನುತ್ತಾರೆಂದು ನನಗೆ ತಿಳಿದದ್ದು ತಲೆ ನೆರೆತ ಮೇಲೆ.

ಅಣ್ಣ ಕೋಲನ್ನು ನನ್ನ ಕೈಗೆ ಕೊಟ್ಟು, ಆ ಮೋಡಕಾ ರಾಶಿಯ ನಡುವೆಯೇ ಒಂದರ ಮೇಲೆ ಹತ್ತಿ ಕೂತ. ಬಲಗಾಲು ಆ ತೋಡಿನಲ್ಲಿ ನೆಟ್ಟಗೆ, ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಅವನು ನನ್ನ ಕಡೆ ನೋಡಿದ. ಆ ಮುಖವನ್ನು ನಾನು ಇನ್ನೂ ಮರೆತಿಲ್ಲ.

"ನೋಡಿದೇನಲೇ? ಇದಕ್ಕ ಕಾಲು ಮಡಚಾಂವ ಬ್ಯಾಡ. ಚಾಚಾಂವನ ಬೇಕು."

ನಾನು ಬಗ್ಗಿ ನೋಡಿದೆ. ಕೂಡುವ ತಗ್ಗಿನಲ್ಲಿ, ಕಾಲಿನ ತೋಡಿನಲ್ಲಿ, ಹೆಬ್ಬೆರಳು ಹೋಗುವಂಥ ತೂತುಗಳಿದ್ದವು. ಮೇಲಿಂದ ಕೆಳಗಿನ ತನಕ ಆರಪಾರ. ಒಂದರೊಳಗಿಂದ ನೋಡಿದರೆ ನೆಲದ ಮೇಲಿನ ಇರುವೆ ಕಾಣುತ್ತಿತ್ತು.

"ತೂತು ಬಿದ್ದ ಮಾಲು ಮಾರಾಕತ್ತೀರಲ್ರಿ" ಎಂದೆ ವ್ಯಾಪಾರಿಗೆ.

ಅವನು ಮೂಗಿಗೆ ನಸ್ಯ ಏರಿಸಿ, "ಯಪ್ಪಾ, ಅದು ಫಾರಿನ್ ಮಾಲು. ಅಲ್ಲೆ ತೂತು ಇಟ್ಟ ಮಾಡ್ತಾರ" ಎಂದ.

"ಹೌದ್ರಿ, ಫಾರಿನ್‌ದಾಗ ಕೊಡಕ್ಕೂ ತೂತು ಇಡ್ತಾರೇನು?"

"ನೀ ಪಂಚರ್ ತಿದ್ದಾಂವೇನು? ಅದಕ್ಕ ನಿನಗ ಬರೇ ತೂತ ಕಾಣ್ತಾವ."

ಅಣ್ಣ ಬಿದ್ದು ಬಿದ್ದು ನಕ್ಕ. ನನಗೆ ಅದು ನಾಟಿತು. ಆದರೆ ತೂತಿನ ಮಾತು ಹಿಡಿದೇ ನಾನು ಚೌಕಾಶಿ ಮಾಡಿದೆ, ಬೆಲೆಯೂ ಇಳಿಯಿತು. ಅಣ್ಣ ತನ್ನ ಎರಡು ಆಡು ಮಾರಿ ಒಂದು ದೋಣಿ ಕೊಂಡ. ಇನ್ನೊಂದನ್ನು ತಿಕೋಟಾದ ಯಾರೋ ದ್ರಾಕ್ಷಿ ತೋಟದವರು ಒಯ್ದರೆಂದು ಆಮೇಲೆ ಕೇಳಿದೆವು.

ಚಕ್ಕಡಿಯ ಮೇಲೆ ಅದನ್ನು ಮಗಚಿ ಹಾಕಿಕೊಂಡು ಊರಿಗೆ ಹೊರಟೆವು. ದಾರಿಯುದ್ದಕ್ಕೂ ಜನ. "ಏನಪಾ ಇದು, ವಿಮಾನ ಮುರದು ಬಿತ್ತೇನ?" ಎಂದು ಒಬ್ಬ. "ಹೂಂನೋ, ರೆಕ್ಕಿ ಹಿಂದಿನ ಚಕ್ಕಡ್ಯಾಗ ಬರಾಕತ್ತಾವ" ಎಂದು ಅಣ್ಣ. ಊರು ಮುಟ್ಟುವತನಕ ಅವನು ಹಳದಿ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ. ತೂತುಗಳ ಅಂಚನ್ನು ಬೆರಳಿನಿಂದ ಸವರಿ ಹೇಳಿದ, "ಲೇ, ಇದು ಒಡದ ತೂತಲ್ಲ. ಅಂಚು ನೋಡು, ಬಳಿ ಹಂಗ ನುಣ್ಣಗ ಐತಿ. ಏನೋ ಕಾರಣಕ್ಕ ಮಾಡ್ಯಾರ. ಮುಟ್ಟಬ್ಯಾಡ. ಮೊದಲ ಹಿಂಗ ನೀರಿಗೆ ಬಿಟ್ಟು ನೋಡೂಣು."

ಆಗಲಿ ಎಂದೆ. ಮರುದಿನ ಅವನು ಪೇಟೆಗೆ ಹಗ್ಗ ಕೊಡಲು ಹೋದಾಗ ಅಷ್ಟೂ ತೂತುಗಳನ್ನು ಮುಚ್ಚಿಬಿಟ್ಟೆ.

ಯಾಕೆ ಮುಚ್ಚಿದೆ ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ತೂತಿನೊಳಗಿಂದ ನೀರು ಮೇಲೆ ಬಂದು ಅಣ್ಣ ಮುಳುಗಿಯಾನು ಎಂಬ ಹೆದರಿಕೆ ನಿಜವಾಗಿಯೂ ಇತ್ತು. ವ್ಯಾಪಾರಿಯ ಮುಂದೆ ಅಣ್ಣ ನಕ್ಕದ್ದೂ ಇತ್ತು. ಯಾವುದು ಎಷ್ಟು ಎಂದು ಈಗ ಹೇಳಲಾರೆ. ಹಳೆಯ ಟಾಯರಿನ ರಬ್ಬರನ್ನು ಬೆಣೆಯಂತೆ ಕೊಯ್ದು, ಸೊಲ್ಯೂಷನ್ ಹಚ್ಚಿ ಬಡಿದು, ಮೇಲೆ ಡಾಂಬರು ಬಳಿದೆ. ನನ್ನ ಜೀವನದಲ್ಲಿ ಅಷ್ಟು ಚೊಕ್ಕ ಕೆಲಸ ಮತ್ತೆಂದೂ ಮಾಡಿಲ್ಲ.

ನೀರಿಗೆ ಬಿಡುವ ದಿನ ಕೆರೆಯ ಏರಿಯ ಮೇಲೆ ಅರ್ಧ ಊರು ನೆರೆದಿತ್ತು. ಅಣ್ಣ ತೂತುಗಳನ್ನು ನೋಡಿ, "ಮುಚ್ಚಿದೇನಲೇ?" ಎಂದ. ನಾನು ಹಲ್ಲು ಕಿರಿದೆ. "ಇರಲಿ ಬಿಡು, ಮುಚ್ಚೀದಿ" ಎಂದ. ಅವ್ವ ದೋಣಿಯ ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅಣ್ಣ ಹತ್ತಿ ಕೂತ ಮೇಲೆ ಒಂದು ತುಂಬಿದ ಕೊಡವನ್ನು ಅದರ ಬೆನ್ನ ಮೇಲೆ ಸುರುವಿದಳು. ನಮ್ಮ ಕಡೆ ಹೊಸ ಚಕ್ಕಡಿ ತಂದಾಗ ಗಾಲಿಗೆ ನೀರು ಹಾಕುತ್ತೇವಲ್ಲ, ಹಾಗೆ. "ಗಂಗವ್ವಾ, ನನ್ನ ಮಗನ್ನ ಕಾಯವ್ವಾ" ಎಂದಳು. ಆ ನೀರು ಒಂದು ಹನಿಯೂ ಎಲ್ಲಿಗೂ ಹೋಗಲಿಲ್ಲ. ತಗ್ಗಿನಲ್ಲಿ, ಅಣ್ಣನ ಸುತ್ತ ನಿಂತಿತು. ನನ್ನ ಬೆಣೆ ಎಷ್ಟು ಬಿಗಿ ನೋಡ್ರಿ ಎಂದು ನಾನು ಪಕ್ಕದವರಿಗೆ ತೋರಿಸಿದೆ.

ಮೊದಲು ಚೆನ್ನಾಗಿಯೇ ಹೋದ. ಅವನ ತೋಳು ಹಗ್ಗ ಹೊಸೆದ ತೋಳು, ಹುಟ್ಟು ಹಾಕಿದರೆ ದೋಣಿ ಬಾಣದಂತೆ ಓಡುತ್ತಿತ್ತು. ಹುಟ್ಟಿನಿಂದ ಸಿಡಿದ ನೀರೂ ಒಳಗೇ ಸೇರುತ್ತಿತ್ತು. ಗಾಳಿ ಬಂದು ಸಣ್ಣ ತೆರೆ ಎದ್ದಿತು, ಅದೂ ಒಳಗೆ. ನಿಂತ ನೀರೆಲ್ಲ ಒಂದು ಮಗ್ಗುಲಿಗೆ ಜಾರಿತು, ಅದರ ಹಿಂದೆ ದೋಣಿ ಮಗಚಿಕೊಂಡಿತು. ನಡುವಿಗೆ ಇನ್ನು ಅರ್ಧ ದಾರಿ ಇತ್ತು.

ಅಣ್ಣನಿಗೆ ತೋಳಿನ ಬಲದ ಮೇಲೆ ಈಜು ಬರುತ್ತಿತ್ತು. ಮಗಚಿದ ದೋಣಿಯನ್ನು ತಬ್ಬಿಕೊಂಡ. ಎಮ್ಮೆ ಮೈ ತೊಳೆಯುತ್ತಿದ್ದವರು ಹೋಗಿ ಎಳೆದು ತಂದರು. ಅಪಾಯವೇನಿಲ್ಲ ಎಂದು ಗೊತ್ತಾದದ್ದೇ ತಡ, ಏರಿಯೆಲ್ಲ ನಗೆ. "ಕುಂಟನ ವಿಮಾನ ಇಳೀತ್ರೋ!" ಎಂದ ಯಾರೋ. ಅಣ್ಣ ಒದ್ದೆ ಮೈಯಲ್ಲಿ ಕೂತು ತನ್ನ ಬಲಗಾಲನ್ನು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡ.

"ಕಾಲು ಒಂದ ಕಡೆ ಎಳೀತಲೇ ತಮ್ಮಾ. ತೂಕ ಸಮಾ ಆಗಲಿಲ್ಲ" ಎಂದ. "ಗಂಗವ್ವಗ ನಾ ಬ್ಯಾಡ."

ನಾನೂ ಹಾಗೆಯೇ ತಿಳಿದೆ. ಅಲ್ಲಿಯವರೆಗಿನದು ತಪ್ಪು, ಅಷ್ಟೇ. ನನ್ನ ಪಾಪ ಶುರುವಾದದ್ದು ಅದಾದ ಮೇಲಿನ ದ್ರಾಕ್ಷಿ ಸುಗ್ಗಿಯಲ್ಲಿ.

ತಿಕೋಟಾದ ಒಂದು ತೋಟದಲ್ಲಿ ಟ್ರ್ಯಾಕ್ಟರಿನ ಗಾಲಿ ಪಂಚರ್ ಆಗಿ ನನ್ನನ್ನು ಕರೆಸಿದ್ದರು. ತೋಟದ ಹಿಂದೆ ಹಳ್ಳಕ್ಕೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದರು. ಅದರ ಮೇಲೆ ಆ ಇನ್ನೊಂದು ಹಳದಿ ದೋಣಿ. ತೋಟದ ಆಳೊಬ್ಬ ಅದರ ಮೇಲೆ ಕೂತು ಬಲೆ ಬಿಡುತ್ತಿದ್ದ. ದಂಡೆಗೆ ಬಂದಾಗ ಬಗ್ಗಿ ನೋಡಿದೆ. ತೂತುಗಳೆಲ್ಲ ತೆರೆದೇ ಇದ್ದವು.

"ನೀರು ಬರೂದಿಲ್ಲೇನೋ?" ಎಂದೆ.

"ಬರತೈತಿ, ಹೋಗತೈತಿ" ಎಂದ. "ಮೈ ಒಳಗ ಪೊಳ್ಳು ಐತ್ರಿ, ಅದು ಮುಳಗಂಗಿಲ್ಲ. ಮ್ಯಾಲ ಬಿದ್ದ ನೀರು ತೂತಿನ್ಯಾಗ ಇಳದ ಹೋಗತೈತಿ. ಇವು ಇರದಿದ್ರ ನೀರು ನಿಂತು ಬೋರಲ ಹಾಕತಿತ್ತು." ಒಂದು ಬುಟ್ಟಿ ನೀರು ತುಂಬಿ ದೋಣಿಯ ಮೇಲೆ ಸುರುವಿ ತೋರಿಸಿದ. ಗುಳುಗುಳು ಎಂದು ಕ್ಷಣದಲ್ಲಿ ಇಳಿದು ಹೋಯಿತು. ನನಗೆ ಅವ್ವನ ಕೊಡ ನೆನಪಾಯಿತು.

ಆ ವಾರವೇ ಊರಿಗೆ ಹೋದೆ. ಹೇಳಬೇಕೆಂದೇ ಹೋದೆ. ಹೋದಾಗ ಅಣ್ಣ ಕಟ್ಟೆಯ ಮೇಲೆ ನಾಲ್ಕು ಮಂದಿಗೆ ತಾನು ಮಗಚಿ ಬಿದ್ದ ಕತೆ ಹೇಳಿ ನಗಿಸುತ್ತಿದ್ದ. ಕೊನೆಗೆ, "ನನ್ನ ಕಾಲು ನೆಲದ ಮ್ಯಾಲೂ ಕೈ ಕೊಡತೈತಿ, ನೀರಿನ ಮ್ಯಾಲೂ ಕೈ ಕೊಡತೈತಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಹೇಳುವುದು ಕಷ್ಟ. ಊರೆಲ್ಲ ನನ್ನನ್ನು ಏನೆನ್ನುತ್ತದೆ ಎಂದು ಹೆದರಿದೆ, ಅಣ್ಣನ ಕಣ್ಣಿಗೆ ಇನ್ನೂ ಹೆಚ್ಚು ಹೆದರಿದೆ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಲವೂ ಅದನ್ನೇ ಅಂದುಕೊಂಡೆ.

ಅಣ್ಣ ಏರಿಯ ಮೇಲೆ ಕೂಡುವುದನ್ನೂ ಬಿಟ್ಟ. ಗಾಳದ ಕೋಲು ಮಾಡಿನ ಸಂದಿಗೆ ಸೇರಿತು. ದೋಣಿ ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುವ ಬಾನಿಯಾಯಿತು. ಬೆಣೆ ಬಿಗಿಯಾಗಿತ್ತಲ್ಲ, ಅವನು ಕೂಡಬೇಕಾದ ತಗ್ಗಿನಲ್ಲಿ ನೀರು ಚೆನ್ನಾಗಿ ನಿಲ್ಲುತ್ತಿತ್ತು. ನಾನು ಊರಿಗೆ ಹೋದಾಗಲೆಲ್ಲ ಎಮ್ಮೆ ಅದರಲ್ಲಿ ಮೂತಿ ಅದ್ದಿ ನನ್ನನ್ನೇ ನೋಡುತ್ತಿತ್ತು. ಹೀಗೆ ಕೆಲವು ವರ್ಷ ಹೋದವು. ಕೆರೆಯಲ್ಲಿ ನೀರಿತ್ತು, ಮೀನಿತ್ತು, ಅಣ್ಣನಿಗೆ ತೋಳಿನ ಕಸುವಿತ್ತು. ಆ ವರ್ಷಗಳನ್ನು ನಾನು ಅವನಿಂದ ಕಸಿದುಕೊಂಡೆ. ಹೇಳಿದ್ದರೆ ಒಂದು ಮಾತಿನ ಕೆಲಸವಾಗಿತ್ತು.

ಒಂದು ಬೇಸಿಗೆ ಬಿಸಿಲಿಗೆ ಡಾಂಬರು ಕರಗಿ ಬಾನಿ ಸೋರತೊಡಗಿತು. ಅಣ್ಣ ಹೇಳಿ ಕಳಿಸಿದ. ಸೊಲ್ಯೂಷನ್, ರಬ್ಬರು ತೆಗೆದುಕೊಂಡು ಹೋದೆ. ಅವನು ಪಕ್ಕದಲ್ಲಿ ಹಗ್ಗ ಹೊಸೆಯುತ್ತ ಕೂತ.

"ಮೊದಲಿನ ಹಂಗ ಬಿಗಿ ಬಡಿ. ಭಾರಿ ಮಾಡಿದ್ದಿ ಆವತ್ತ. ಇಷ್ಟ ವರ್ಷ ಒಂದ ಹನಿ ಬಿದ್ದಿಲ್ಲ ನೋಡು."

ಸುತ್ತಿಗೆ ಎತ್ತಿದ್ದೆ. ಅದನ್ನು ಹೊಡೆಯಲು ಆಗಲಿಲ್ಲ.

"ಯಣ್ಣಾ, ಈ ತೂತು ಮುಚ್ಚಬಾರದಿತ್ತೋ."

"ಮುಚ್ಚದಿದ್ರ ಎಮ್ಮಿ ಏನ ಕುಡೀಬೇಕು?"

"ಎಮ್ಮಿ ಮಾತಲ್ಲ. ಆವತ್ತು ನೀರು ನಿಂತದ್ದಕ್ಕ ದೋಣಿ ಮಗಚಿತು. ತೂತು ಇರೂದ ನೀರು ಹೋಗಲಿ ಅಂತ."

ಅವನ ಕೈಯಲ್ಲಿ ಹಗ್ಗ ನಿಂತಿತು. ಬಗ್ಗಿ ತೂತಿನ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, "ಹಂಗಾರ ನನ್ನ ಕಾಲಿಂದಲ್ಲೇನ?"

"ಅಲ್ಲೋ ಯಣ್ಣಾ."

"ಯಾವಾಗ ಗೊತ್ತಾತು ನಿನಗ?"

ಅದನ್ನೂ ಹೇಳಿದೆ. ತಿಕೋಟಾದ ತೋಟ, ಕಟ್ಟೆಯ ಮೇಲೆ ನಕ್ಕದ್ದು, ಎಲ್ಲ. ಬೈದಾನು, ಕೋಲು ಎತ್ತಿಯಾನು ಎಂದು ಕಾದೆ. ಅವನು ಕೋಲು ಊರಿ ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಅವ್ವನಿಗೆ ಕೂಗಿ ಹೇಳಿದ:

"ಯವ್ವಾ, ಎಮ್ಮಿಗೆ ನೀರು ಬ್ಯಾರೆ ಕಡೆ ಇಡಬೇ."

ಬೆಣೆಗಳನ್ನು ನಾನೇ ಕಿತ್ತೆ. ಹಾಕಿದ್ದಕ್ಕಿಂತ ತೆಗೆಯುವುದು ಹೆಚ್ಚು ಕಷ್ಟವಾಯಿತು. ಕೆರೆಯ ನೀರು ಬೇಸಿಗೆಗೆ ಅರ್ಧಕ್ಕೆ ಇಳಿದಿತ್ತು. ಈ ಸಲ ಯಾರಿಗೂ ಹೇಳದೆ ದೋಣಿಯನ್ನು ಕೆರೆಗೆ ಒಯ್ದೆವು. ಅಣ್ಣ ದೋಣಿ ಹತ್ತಿ ಕೂತಾಗ ತೂತುಗಳಿಂದ ನೀರು ಬುಳಕ್ಕೆಂದು ಮೇಲೆ ಬಂದು, ಮತ್ತೆ ಇಳಿಯಿತು. ನಾನು ಸೊಂಟದಷ್ಟು ನೀರಿನವರೆಗೆ ಅಂಚು ಹಿಡಿದು ನಡೆದೆ. ಹುಟ್ಟಿನ ತುದಿಯಿಂದ ನನ್ನ ಬೆರಳಿಗೆ ಒಂದು ಏಟು ಬಿತ್ತು, ಸ್ವಲ್ಪ ಬಿರುಸಾಗಿಯೇ.

"ಕೈ ತಗೀಲೇ ಪಂಚರ್."

ತೆಗೆದೆ. ಏರಿಯ ಮೇಲೆ ಅವನು ಕೂಡುತ್ತಿದ್ದ ಕಲ್ಲಿಗೆ ಹೋಗಿ ಕೂತೆ. ತೊಡೆಯ ಮೇಲೆ ಅವನ ಅಂಗಿ, ಪಕ್ಕದಲ್ಲಿ ಅವನ ಕೋಲು. ಹಳದಿ ಚುಕ್ಕೆ ನಡುಮಧ್ಯ ಮುಟ್ಟಿ ನಿಂತಿತು. ಅವನು ಗಾಳ ಒಗೆದದ್ದು ಕಾಣಿಸಿತು. ಬಹಳ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿದ:

"ಲೇ ತಮ್ಮಾ! ನೀರು ಬರಾಕತ್ತೈತಿ!"

ನಾನು ಅಂಗಿ ಎಸೆದು ನೀರಿಗೆ ಓಡಿದೆ. ಎದೆಮಟ್ಟದ ನೀರಿಗೆ ಹೋದಾಗ ಅವನ ನಗು ಕೇಳಿಸಿತು.

"ಹೊಂಟೂ ಹೋಗಾಕತ್ತೈತಲೇ. ಅರಿವಿ ಕಾಯಿ, ಹೋಗು."