ಪರದೆಯ ಹಿಂದಿನ ಚಹಾ

ಹೋದ ರಂಜಾನಿನಲ್ಲಿ ಹುಮನಾಬಾದಿನ ಹೋಟೆಲೊಂದರ ಮುಂದೆ ಉಪವಾಸವಿಲ್ಲದವರು ಮರೆಯಲ್ಲಿ ಕೂತು ತಿನ್ನಲೆಂದು ಗೋಣಿಪರದೆ ಇಳಿಬಿಟ್ಟಿದ್ದರು. ಒಳಗಿನಿಂದ ಶುಂಠಿ ಹಾಕಿ ಕುದಿಸಿದ ಚಹಾದ ವಾಸನೆ ಬಂತು. ವಕೀಲ ಸಾಹೇಬರು ನೆನಪಾದರು...

ನಿಜಾಮರ ಕಾಲದಲ್ಲಿ ನಾನು ಸಾಹೇಬರ ಗುಮಾಸ್ತನಾಗಿದ್ದೆ. ಅಲ್ಲಿ ಕಲಿತ ಶಿಸ್ತೇ ಇವತ್ತಿಗೂ ನನ್ನನ್ನು ನಸುಕಿನಲ್ಲಿ ಏಳಿಸುತ್ತದೆ. ಯಾರನ್ನೂ ನಂಬಬಾರದು ಎಂಬುದು ಅವರ ಮೊದಲ ಪಾಠ. ಕಕ್ಷಿದಾರ ಹೇಳಿದ್ದನ್ನು ಕೆಲವು ದಿನ ಬಿಟ್ಟು ಮತ್ತೆ ಹೇಳಿಸುತ್ತಿದ್ದರು. ಮಾತು ಬದಲಾದರೆ ಸುಳ್ಳುಗಾರ. ಬದಲಾಗದಿದ್ದರೆ ಯಾರೋ ಬಾಯಿಪಾಠ ಮಾಡಿಸಿದ್ದಾರೆ!

ಒಮ್ಮೆ ಬಸವಕಲ್ಯಾಣದ ಮೋಟಾರು ಡ್ರೈವರನೊಬ್ಬ ಬಂದ. ರಂಜಾನಿನ ಮಧ್ಯಾಹ್ನ ಹುಮನಾಬಾದ್ ಬಿಡುತ್ತಲೇ ಅವನ ಗಾಡಿ ಮಂಠಾಳದವನೊಬ್ಬನ ಬಂಡಿಗೆ ತಾಗಿ, ಎತ್ತಿನ ಕಾಲು ಮುರಿದಿತ್ತು. ಡ್ರೈವರ್ ಕುಡಿದು ಓಲಾಡುತ್ತಿದ್ದ ಎಂದು ಬಂಡಿಯವನ ದೂರು. ತಲೆಗೆ ಪೆಟ್ಟು ಬಿದ್ದು ಓಲಾಡಿದೆ ಎಂದು ಇವನ ಮಾತು. ದೂರು ಸಾಬೀತಾದರೆ ಲೈಸೆನ್ಸ್ ಹೋಗುತ್ತಿತ್ತು. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ.

ರೋಜಾದ ಉಪವಾಸ ಇದ್ದವನು ಹೆಂಡ ಮುಟ್ಟುತ್ತಾನೆಯೇ ಎಂದು ವಾದಿಸಿದರೆ ಸಾಕಲ್ಲ ಎಂದೆ. ಅದೊಂದು ಬೇಡ ಎಂದು ಡ್ರೈವರ್ ತಲೆ ತಗ್ಗಿಸಿದ. ಇವನು ಕುಡಿದದ್ದು ಖರೆ ಎಂದು ನನಗೆ ಖಾತ್ರಿಯಾಯಿತು. ಸಾಹೇಬರು ಕನ್ನಡಕ ತೆಗೆದು ಅವನನ್ನೇ ನೋಡುತ್ತ ಕೂತರು. ಮುಂದಿನ ವಾರ ಮತ್ತೆ ಕರೆಸಿ ಕೆದಕಿದಾಗ ಬಾಯಿಬಿಟ್ಟ. ಅಂದು ಅವನು ರೋಜಾ ಇರಲೇ ಇಲ್ಲ. ಗಾಡಿ ಹೊರಡುವವರೆಗೂ ಹೋಟೆಲಿನ ಪರದೆಯ ಹಿಂದೆ ಚಹಾ ಕುಡಿಯುತ್ತಿದ್ದ. ಹೋಟೆಲಿನವನೇ ಸಾಕ್ಷಿ. ಆದರೆ ಡ್ರೈವರ್ ಇದ್ದದ್ದು ಮಾವನ ಮನೆಯಲ್ಲಿ. ಆ ಮಾವ ಮಸೀದಿಯಲ್ಲಿ ಬಾಂಗು ಕೂಗುವವರು.

"ಮಾವಗ ಹ್ಯಾಂಗ ಮಾರಿ ತೋರಸ್ಲಿ, ಸಾಹೇಬ್ರ?"

"ಲೈಸನ್ ಕಳಕೊಂಡ ಮಾರಿ ಹ್ಯಾಂಗ ತೋರಸ್ತಿ? ಸುಳ್ಳ ವಾದ ಬೇಕಂದ್ರ ಬ್ಯಾರೆ ವಕೀಲನ್ನ ನೋಡ್ಕೊ."

ಅವನು ಅಳುತ್ತಲೇ ಒಪ್ಪಿದ. ಸಾಹೇಬರು ಅಷ್ಟಕ್ಕೂ ನಂಬದೆ, ಹೋಟೆಲಿನವನ ಬಾಯಿಂದಲೂ ಎರಡೆರಡು ಸಲ ಹೇಳಿಸಿದರು.

ಕೋರ್ಟಿನಲ್ಲಿ ಹೋಟೆಲಿನವನು ಅಳುಕಲಿಲ್ಲ. "ಛಾ ಬಿಟ್ಟು ಏನೂ ಕುಡದಿಲ್ರಿ. ನನ್ನ ಕಣ್ಮುಂದನ ನೆಟ್ಟಗ ಎದ್ದು ಹೋಗಿ ಗಾಡಿ ಹತ್ಯಾನ." ಡ್ರೈವರ್ ಬಿಡುಗಡೆಯಾದ.

ಕೋರ್ಟಿನ ಮೆಟ್ಟಿಲ ಮೇಲೆ, ವಿಚಾರಣೆ ಕೇಳಲು ಬಂದಿದ್ದ ಮಾವ ಮುಖ ತಿರುಗಿಸಿ ಹೊರಟರು. ಛಾದ ರೋಜಾ ಹ್ಯಾಂಗಿತ್ತಪಾ ಎಂದು ಯಾರೋ ಡ್ರೈವರನನ್ನು ಕೆಣಕಿದರು; ಸುತ್ತಲಿದ್ದವರು ನಕ್ಕರು. ಸಾಹೇಬರು ಹೋಗಿ ಮಾವನಿಗೆ ಅಡ್ಡ ನಿಂತರು.

"ಹಜರತ್, ಅವನೊಬ್ಬನ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ. ಅವತ್ತ ಅವನ ಬಾಜೂಕ ಕುಂತು ನಾನೂ ಛಾ ಕುಡ್ಯಾಕತ್ತಿದ್ದೆ."

ನಗು ನಿಂತಿತು. ಹೋಟೆಲಿನವನು ನೆಲ ನೋಡಿದ. ಮಾವ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅಳಿಯನಿಗೆ, ಮನೆಗೆ ನಡೆ, ಎಂದರು.

ಬಂಡಿಗೆ ಗಾಡಿ ತಾಗಿದ ಆ ಮಧ್ಯಾಹ್ನ ಸಾಹೇಬರು ನನ್ನೆದುರಿಗೇ ಕೂತಿದ್ದರು. ಒಣಗಿದ ತುಟಿಯಲ್ಲೇ ಅರ್ಜಿಯೊಂದನ್ನು ಹೇಳಿ ಬರೆಸುತ್ತಿದ್ದರು. ಅವರು ರೋಜಾ ಬಿಟ್ಟದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ... ಮರುವರ್ಷ ಇಫ್ತಾರಿಗೆ ಅವರನ್ನು ಕರೆಯುವವರು ಕಡಿಮೆಯಾದರು. ಅವರು ಕತ್ತಲಾಗುವಾಗ ಕೋಣೆಯಲ್ಲಿ ಒಬ್ಬರೇ ಖರ್ಜೂರ ತಿಂದು ನೀರು ಕುಡಿಯುತ್ತಿದ್ದರು.

ನಿಜಾಮರ ಆಳ್ವಿಕೆ ಮುಗಿದ ಮೇಲೆ ಅವರು ಊರು ಬಿಟ್ಟರು. ಅವರ ಗೋರಿ ಎಲ್ಲಿದೆಯೋ ನನಗೆ ತಿಳಿಯದು. ಊರಿನ ಹಳಬರು ಇಂದಿಗೂ ಅವರನ್ನು ರೋಜಾ ಬಿಟ್ಟ ವಕೀಲ ಎಂದೇ ನೆನೆಯುತ್ತಾರೆ. ಅಲ್ಲ ಎನ್ನಬಲ್ಲವನು ನಾನೊಬ್ಬನೇ ಉಳಿದಿದ್ದೇನೆ.