ಬಾಟಲಿಯಲ್ಲಿ ಕಂಡ ಎಳೆ

ಆಗ ನಾನು ವಾರಕ್ಕೊಮ್ಮೆ ಮಿರಜ್ ಕಡೆಯಿಂದ ಸರಕಾರಿ ಎಸ್ಟಿ ಬಸ್ಸು ಹಿಡಿದು ಜತ್ತಕ್ಕೆ ಹೋಗುತ್ತಿದ್ದೆ. ಲಕ್ವಾ ಹೊಡೆದವರಿಗೆ ಮಾತು ಕಲಿಸುವುದು, ಅವರು ನುಂಗುವುದನ್ನು ಪರೀಕ್ಷಿಸುವುದು ನನ್ನ ಕೆಲಸ. ಬಸ್ಸಿಳಿಯುವಷ್ಟರಲ್ಲೇ ಸೊಂಟ ಸೋತಿರುತ್ತಿತ್ತು. ನಾನು ಹೋಗುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ಒಂದೇ ಫ್ರಿಜ್ಜು. ಇಂಜೆಕ್ಷನ್, ಸಿಸ್ಟರ್ ತಂದ ಮೊಸರು, ನನ್ನ ದ್ರಾವಣದ ಬಾಟಲಿ ಎಲ್ಲ ಅದರಲ್ಲೇ.

ಆ ಬಿಸಿಲುಗಾಲದಲ್ಲಿ ಬಿಳೂರಿನ ಮುದುಕರೊಬ್ಬರು ಹೆಂಡತಿಯನ್ನು ಅಲ್ಲಿ ಸೇರಿಸಿದ್ದರು. ಗಾದಿ ಹೊಲಿಯುವ, ಅರಳೆ ಹಿಂಜುವ ಮನೆತನ. ಅವರನ್ನು ಎಲ್ಲರೂ ಚಾಚಾ, ಹೆಂಡತಿಯನ್ನು ಚಾಚಿ ಎನ್ನುತ್ತಿದ್ದರು. ಚಾಚಿಗೆ ಬಲಗಡೆಯ ಕೈಕಾಲು ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಮೂಗಿಗೆ ಹಾಕಿದ ನಳಿಗೆಯಿಂದಲೇ ಹಾಲು, ಗಂಜಿ. ಪಕ್ಕದ ಹಾಸಿಗೆಯವರು ಚಹಾ ಕುಡಿದರೆ ಆಕೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

"ಆಕಿ ಚಾ ಇಲ್ದ ಇದ್ದಾಕಿ ಅಲ್ರಿ ಬಾಯಾರ. ಇವತ್ತ ನಳಗಿ ತಗೀರಿ," ಎಂದರು ಚಾಚಾ.

ಚಾಚಿಯನ್ನು ಕೂರಿಸಿ, ಚಮಚದಲ್ಲಿ ನೀರು ಕೊಟ್ಟೆ. ಗಂಟಲ ಮೇಲೆ ಬೆರಳಿಟ್ಟು ನೋಡಿದೆ. ನುಂಗಿದಳು. ಕೆಮ್ಮಲಿಲ್ಲ. ಮತ್ತೊಂದು ಚಮಚಕ್ಕೂ ಕೆಮ್ಮಲಿಲ್ಲ. ಚಾಚಾ ಆಗಲೇ ಚಹಾ ತರಲು ಎದ್ದರು.

"ಕುಂದ್ರಿ ಚಾಚಾ. ಇನ್ನೊಂದು ಪರೀಕ್ಷೆ ಐತಿ."

ನಮಗೆ ನೀರು ದಾರಿ ತಪ್ಪಿದರೆ ಕೆಮ್ಮು ಬಂದು ಕಾಯುತ್ತದೆ. ಲಕ್ವಾ ಹೊಡೆದ ಕೆಲವರಲ್ಲಿ ಆ ಕೆಮ್ಮೇ ಸತ್ತಿರುತ್ತದೆ. ನೀರು ಸದ್ದಿಲ್ಲದೆ ಪುಪ್ಪುಸಕ್ಕೆ ಇಳಿಯುತ್ತದೆ. ಅದನ್ನು ತಿಳಿಯಲು ನಿಂಬೆಹುಳಿಯ ದ್ರಾವಣವನ್ನು ಯಂತ್ರಕ್ಕೆ ಹಾಕಿ, ಮಂಜಿನಂತೆ ಮಾಡಿ, ಉಸಿರಿನಲ್ಲಿ ಎಳೆದುಕೊಳ್ಳಲು ಹೇಳುತ್ತೇವೆ. ಕೆಮ್ಮಿದರೆ ಒಳ್ಳೆಯದು.

ಬಾಟಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲೊಂದು ಬಿಳಿ ಎಳೆ ತೇಲಾಡುತ್ತಿತ್ತು. ಅಲುಗಿಸಿದರೆ ಬಿಚ್ಚಿಕೊಂಡಿತು.

"ಅಳ್ಳಿ ಎಳಿ ಇದ್ದಂಗೈತಿ," ಎಂದರು ಚಾಚಾ, ಬಗ್ಗಿ ನೋಡಿ.

ಅರಳೆಯಲ್ಲ, ಬೂಷ್ಟು. ಸಿಸ್ಟರನ್ನು ಕರೆದೆ. ಆಕೆ ಮುಚ್ಚುಮರೆ ಮಾಡಲಿಲ್ಲ. "ಲೈಟ್ ಹೋಗಿತ್ತಲ್ರಿ ಮ್ಯಾಡಮ್, ಇಂಜೆಕ್ಷನ್ ಎಲ್ಲಾ ಬರ್ಫದ ಡಬ್ಬಿಗೆ ಹಾಕಿದೆ. ಜಾಗಾ ಸಾಲ್ಲಿಲ್ಲ. ನಿಮ್ಮ ಬಾಟ್ಲಿ ಕಿಟಕ್ಯಾಗ ಇಟ್ಟಿದ್ದೆ. ಲೈಟ್ ಬಂದಮ್ಯಾಲೆ ಮತ್ತ ಒಳಗಿಟ್ಟೆ. ನಿಂಬಿಹುಳಿ ಕೆಡತೈತೇನ್ರಿ? ಉಪ್ಪಿನಕಾಯಿ ವರ್ಷಗಟ್ಲೆ ಇರತೈತಿ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕು. ಉಪ್ಪಿನಕಾಯಿಯಲ್ಲಿ ಉಪ್ಪಿದೆ, ಎಣ್ಣೆಯಿದೆ. ಇದು ಬರೀ ತೆಳು ಹುಳಿನೀರು, ಕುಡಿಯುವುದಲ್ಲ, ನೇರ ಪುಪ್ಪುಸಕ್ಕೇ ಹೋಗುವಂಥದ್ದು ಎಂದು ಹೇಳಿದೆ. ಎಷ್ಟು ಸಲ, ಎಷ್ಟು ಊರುಗಳಲ್ಲಿ ಇದನ್ನೇ ಹೇಳಿದ್ದೇನೋ. ಬಾಟಲಿಯನ್ನು ಮೋರಿಗೆ ಸುರಿದೆ. ಹೊಸದನ್ನು ಶಹರದ ಔಷಧಾಲಯದಲ್ಲಿ ಶುದ್ಧವಾಗಿ ತಯಾರಿಸಬೇಕು. ಈ ಆಸ್ಪತ್ರೆಯ ಒಲೆಯ ಮೇಲೆ ಕುದಿಸಿ ಮಾಡುವ ಹಾಗಿರಲಿಲ್ಲ.

"ಹಂಗಾರ ನಳಗಿ?" ಎಂದರು ಚಾಚಾ.

"ಮುಂದಿನ ವಾರ ನೋಡೂಣು."

"ಆಕಿ ಕೆಮ್ಮಲಿಲ್ಲಲ್ರಿ! ಚಲೋನ ನುಂಗಿದಳು. ನಿಮ್ಮ ನೀರು ಕೆಟ್ರ ಆಕಿ ಯಾಕ ಉಪಾಸ ಇರಬೇಕು?"

ಚಾಚಿ ಎಡಗೈಯಿಂದ ಚಮಚವನ್ನು ದೂಡಿದಳು. ಅದು ನೆಲಕ್ಕೆ ಬಿದ್ದ ಸದ್ದಿಗೆ ವಾರ್ಡಿನವರೆಲ್ಲ ನನ್ನನ್ನೇ ನೋಡಿದರು. ತಿರುಗಿ ಹೋಗುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ನಿದ್ದೆ ಹತ್ತಲಿಲ್ಲ. ಚಾಚಾ ಹೇಳಿದ್ದೇ ನಿಜವಾಗಿದ್ದರೆ? ಚೆನ್ನಾಗಿರುವ ಗಂಟಲಿಗೆ ಸುಮ್ಮನೆ ವಾರ ಪೂರ್ತಿ ಶಿಕ್ಷೆ ಕೊಟ್ಟಿದ್ದರೆ?

ಮುಂದಿನ ವಾರ ಹೊಸ ಬಾಟಲಿಯನ್ನು ಬರ್ಫದ ಡಬ್ಬಿಯಲ್ಲಿಟ್ಟು, ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಹೋದೆ. ಯಂತ್ರ ಹಚ್ಚಿದೆ. ಬಿಳಿ ಮಂಜು ಚಾಚಿಯ ಮೂಗುಬಾಯಿಗೆ ಹೋಯಿತು. ಪಕ್ಕದಲ್ಲಿ ನಿಂತ ಸಿಸ್ಟರಿಗೆ ಕೆಮ್ಮು ಬಂತು, ನನಗೂ ಬಂತು. ಚಾಚಿ ಸುಮ್ಮನೆ ಕೂತಿದ್ದಳು. ಮದ್ದಿನ ಪ್ರಮಾಣ ಏರಿಸಿದರೂ ಸುಮ್ಮನೆ.

ಚಾಚಾ ಮೊದಲು ನಕ್ಕರು, ಕೆಮ್ಮದಿರುವುದೇ ಒಳ್ಳೆಯದೆಂದು. ನನ್ನ ಮುಖ ನೋಡಿ ನಗು ನಿಂತಿತು. "ಬಾಯಾರ, ಚಲೋ ಆತೋ ಕೆಟ್ಟಾತೋ?"

"ಆಕಿ ಗಂಟಲಿಗೆ ಸುದ್ದಿ ಮುಟ್ಟವಲ್ದು ಚಾಚಾ. ಅವತ್ತ ನೀರು ಎತ್ತ ಹೋತು ಅಂತ ಆಕಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ."

ಅವರು ಹೆಂಡತಿಯ ಕಾಲನ್ನು ಹಿಡಿದುಕೊಂಡರು. "ಅವತ್ತ ನಾ ಚಾ ಕುಡಿಸೇಬಿಡತಿದ್ನಿ," ಎಂದರು.

ಆಮೇಲೆ ಮಳೆಗಾಲ ಶುರುವಾಗುವವರೆಗೂ ನಳಿಗೆ ಇತ್ತು. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ಚಾಚಾ ಜೀಪಿನಲ್ಲಿ ಆಕೆಯನ್ನು ಕರೆತರುತ್ತಿದ್ದರು. ನಾನು ಹೇಳಿಕೊಟ್ಟ ಗಂಟಲಿನ ಕಸರತ್ತನ್ನು ಆಕೆ ನನ್ನನ್ನು ಬೈಯುತ್ತಲೇ ಮಾಡುತ್ತಿದ್ದಳು. ಹಾಗಾಗಿ ಆಕೆಯ ತೊದಲು ಮಾತಿನಲ್ಲಿ ಬೈಗುಳವೇ ಮೊದಲು ಸ್ಪಷ್ಟವಾಯಿತು. ಒಂದು ದಿನ ಮಂಜು ತಾಕಿದ್ದೇ ಕೆಮ್ಮು ಬಂತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಚಾಚಾ ಆಕೆಯ ಬೆನ್ನು ತೀಡುತ್ತ, "ಇನ್ನೊಮ್ಮಿ ಕೆಮ್ಮು, ಇನ್ನೊಮ್ಮಿ," ಎನ್ನುತ್ತಿದ್ದರು.

ಅಂದು, ಸರಕ್ಕನೆ ಜಾರಿ ದಾರಿ ತಪ್ಪದಿರಲೆಂದು, ಮಂದ ಮಾಡುವ ಪುಡಿ ಬೆರೆಸಿದ ಚಹಾವನ್ನು ಚಮಚದಲ್ಲಿ ಕೊಟ್ಟೆವು. ಆಕೆ ಮುಖ ಕಿವುಚಿದಳು. "ಥೂ, ಅಂಟಿನಂಗೈತಿ," ಎಂದಳು, ಮತ್ತೆ ಬಾಯಿ ತೆರೆದಳು. ಉಳಿದದ್ದನ್ನು ಇಟ್ಟು ಕುಡಿಸಬೇಡಿ, ಆಗಿಂದಾಗ ಮಾಡಿಕೊಡಿ ಎಂದು ಚಾಚಾಗೆ ಹೇಳಿ, ಬಟ್ಟಲನ್ನು ತೊಳೆಯಲು ಎದ್ದೆ. ಹೊರಗೆ ಇನ್ನೂ ಮೂವರು ಕಾಯುತ್ತಿದ್ದರು.